ಜನವರಿಯ ನೀರುಗಂಟಿ

ನಮ್ಮ ಮೆಂಡೋಸಾಕ್ಕೆ ಬೇಸಿಗೆ ಬರುವುದು ಜನವರಿಗೆ.
ಹಿಮ ಬೆಟ್ಟದ ಮೇಲೆ,
ಕೊಡೆ ಅಟ್ಟದ ಮೇಲೆ,
ಮಳೆಯೆಂಬುದು ಯಾವಾಗಲೋ ಒಮ್ಮೆ ಬಂದು
ಕಾರಿನ ಧೂಳಿಗೆ ಚುಕ್ಕಿಯಿಟ್ಟು ಹೋಗುವ ನೆಂಟ.

ಆಂಡಿಸ್ ಕರಗಿ ಕೊಟ್ಟಷ್ಟೇ ನೀರು ಊರಿಗೆ.
ಅದನ್ನು ಬೀದಿಮರಗಳಿಗೆ ಹಂಚುವವಳು ನಾನು, ಎದೆಲ್ಮೀರಾ.
ಏಳು ಬೀದಿ, ನಾನೂರ ಹನ್ನೆರಡು ಮರ,
ಒಂದು ಗುದ್ದಲಿ, ಒಂದು ಸರಳು,
ಕೊರಳಲ್ಲಿ ಮರಿಯಮ್ಮನ ಪದಕದ ಜೊತೆ ತೂಬಿನ ಬೀಗದ ಕೈ.

ಸರದಿ ಬರುವುದು ರಾತ್ರಿ ಎರಡಕ್ಕೆ.
ಹಲಗೆ ಎತ್ತಿದರೆ ಮೊದಲು ಬರುವುದು ನೀರಲ್ಲ, ಸದ್ದು.
ಅದರ ಹಿಂದೆ ಐಸ್‌ಕ್ರೀಂ ಕಡ್ಡಿ, ಲಾಟರಿ ಚೀಟಿ,
ಯಾರದೋ ಒಂಟಿ ಚಪ್ಪಲಿ,
ಕಡೆಗೆ, ಚಹದ ಬಣ್ಣಕ್ಕೆ ತಿರುಗಿದ ಹಿಮ.

ಕೆಲಸ ಕಲಿಸಿದವನು ರುದೆಸಿಂದೋ.
ಮಾತು ಕಡಿಮೆ, ಬೈಗಳು ಹೆಚ್ಚು.
"ಬುಡಕ್ಕೇ ಯಾಕೆ ಸುರೀತೀಯೆ? ಮರ ಕುಡಿಯೋದು
ಕಾಲಿನಿಂದಲ್ಲ, ಕಾಲ್ಬೆರಳಿನಿಂದ.
ನೆರಳು ಎಲ್ಲಿ ಮುಗಿಯುತ್ತೋ ಅಲ್ಲಿ ಕೊಡು.
ಗುಟುಕು ಗುಟುಕಾಗಿ ಕೊಡು.
ನಾಲಿಗೆ ಒದ್ದೆ ಮಾಡಿದರೆ ದಾಹ ಹೋಗುತ್ತಾ?"
ಆಮೇಲೆ ಸರಳು ಚುಚ್ಚುತ್ತಿದ್ದ.
ಮೊಳದುದ್ದ ಸಲೀಸಾಗಿ ಇಳಿದರೆ ಮುಂದಿನ ಮರ.
ಕಟಕ್ಕೆಂದರೆ ಅಲ್ಲೇ ಕುಕ್ಕರಗಾಲಲ್ಲಿ ಕೂತು
ಸೋರೆಬುರುಡೆಯ ಕಷಾಯ ಹೀರುತ್ತ ಕಾಯುತ್ತಿದ್ದ.
ಮೂರು ವರ್ಷವಾಯಿತು ಅವನು ಹೋಗಿ.
ಸರಳಿನ ತುದಿಯಲ್ಲಿ ಅವನ ಅಂಗೈಯ ಹೊಳಪು ಇನ್ನೂ ಇದೆ.

ಹುಚ್ಚುಬೇವಿಗೆ ನಮ್ಮಲ್ಲಿ ಸ್ವರ್ಗವೆಂದು ಹೆಸರು.
ಸ್ವರ್ಗದ ಕೊಂಬೆ ತಂತಿಗೆ ತಾಗುತ್ತದೆ, ಕಡಿ ಎನ್ನುತ್ತಾರೆ ಜನ.
ಈ ಬಿಸಿಲಲ್ಲಿ?
ಕೊಡೆ ಹಿಡಿದವನ ಕೈ ಕಡಿಯುವುದುಂಟೇ?
ಜುಲೈ ಬರಲಿ, ಎಲೆ ಉದುರಲಿ, ನೋಡೋಣ.
ಗೊಬ್ಬರದ ಚೀಲ ಹೊತ್ತು ತರುತ್ತಾರೆ ಪ್ರೀತಿ ಉಕ್ಕಿದವರು.
ಜ್ವರದವನಿಗೆ ಹಬ್ಬದೂಟ! ಬೇಡ, ಒಣಎಲೆ ತನ್ನಿ,
ಬುಡದಿಂದ ಗೇಣು ಬಿಟ್ಟು ಸುತ್ತ ಹಾಸಿ,
ಮಣ್ಣಿಗೂ ಒಂದು ಚಾದರ ಬೇಕು.

ಮೂವತ್ತೆಂಟನೆಯ ಮರ ಮಾತ್ರ ನನ್ನ ನಿದ್ದೆ ತಿನ್ನುತ್ತದೆ.
ರೇಷ್ಮೆಹುಳ ಕಾಣದ ಮುದಿ ಹಿಪ್ಪುನೇರಳೆ.
ಅದರ ಮೇಲ್ಗಡೆ ಬ್ರೆಸ್ಸಾನನ ಮನೆ.
ಕಾರು ಏರಲೆಂದು ಕಾಲುವೆಗೆ ಕಾಂಕ್ರೀಟು ಹೊದಿಸಿದ್ದಾನೆ,
ಅಡಿಯಲ್ಲಿ ಮುಷ್ಟಿ ತೂರದ ಒಂದು ಕೊಳವೆ.
ಮಧ್ಯಾಹ್ನ ಅವನ ಕಾರು ನಿಲ್ಲುವುದೆಲ್ಲಿ?
ಅದೇ ಮೂವತ್ತೆಂಟರ ನೆರಳಲ್ಲಿ.

ನಗರಸಭೆಯ ನೋಟಿಸು ಎರಡು ಸಲ ಕೊಟ್ಟೆ.
ಎರಡೂ ಅವನ ಕಾರಿನ ಗಾಜಿಗೆ ಬಿಸಿಲುಮರೆಯಾದವು.
ಎಲೆಯಂಚು ಮೊದಲು ಬೆಂದ ರೊಟ್ಟಿಯಂತಾಯಿತು,
ಆಮೇಲೆ ಪಡುವಣದ ಕೊಂಬೆ ಪೂರ್ತಿ ಬೋಳು.
ಎದುರು ಮನೆಯ ಹುಡುಗಿ ಐಲೀನ್
ಏಸಿಯಿಂದ ತೊಟ್ಟಿಕ್ಕುವ ನೀರು ಬಕೆಟ್ಟಿನಲ್ಲಿ ಹಿಡಿದು
ದಿನಾ ಸಂಜೆ ತಂದು ಹೊಯ್ಯುತ್ತಾಳೆ, ನೆರಳಿನ ಅಂಚಿಗೇ.
ಯಾರು ಹೇಳಿಕೊಟ್ಟರು ಅವಳಿಗೆ? ನಾನಂತೂ ಅಲ್ಲ.

ನಿನ್ನೆ ರಾತ್ರಿ ಕರೆಂಟು ಹೋಯಿತು.
ಬೆಟ್ಟದಿಂದ ಸೋಂಡಾ ಗಾಳಿ ಇಳಿದಿತ್ತು, ಒಲೆಯ ಬಾಯಿ ತೆರೆದಂತೆ.
ಇಡೀ ಬೀದಿ ಕುರ್ಚಿ ಹೊತ್ತು ಹೊರಗೆ ಬಂತು,
ಕತ್ತಲಲ್ಲಿ ಎಲ್ಲರೂ ಒಂದೊಂದು ಮರ ಹಿಡಿದು ಕೂತರು.
ಮೂವತ್ತೆಂಟರ ಕೆಳಗೆ ಅಂಗಿಯಿಲ್ಲದ ಬ್ರೆಸ್ಸಾನ.
"ನೀರು ಎಷ್ಟೊತ್ತಿಗೆ?"
"ಎರಡಕ್ಕೆ."
ಅವನು ಆಕಾಶ ನೋಡಿದ. ಅಲ್ಲಿ ಎಲೆ ಇರಬೇಕಾದಲ್ಲಿ
ಒಂದಷ್ಟು ನಕ್ಷತ್ರ ಕಾಣುತ್ತಿದ್ದವು.

ಎರಡಾಯಿತು. ನೀರು ಅವನ ಕಾಂಕ್ರೀಟಿನ ಹಿಂದೆ ನಿಂತು ಗೊಣಗಿತು,
ಕೊಳವೆಯಿಂದ ಬೆರಳು ದಪ್ಪ ಹೊರಬಿತ್ತು.
ಅವನೂ ನೋಡಿದ. ನಾನು ಏನೂ ಅನ್ನಲಿಲ್ಲ,
ಸರಳು ಚುಚ್ಚಿದೆ.
ಕಟಕ್.

ಅಲ್ಲೇ ಕೂತೆ.
ಸ್ವಲ್ಪ ಹೊತ್ತಾದ ಮೇಲೆ ಅವನು ಕೇಳಿದ,
ಆ ಗುದ್ದಲಿ ಎಷ್ಟು ಭಾರ ಇದೆ ಅಂತ.