ಬಳ್ಳಿಯ ಇದ್ದಿಲು

ತೆಕ್ಲೆಯ ಚೀಲದಿಂದ ಚೀಟಿ ಬಂತು, ನಾಲ್ಕು ಮಡಿಕೆಯದು,
ಒಂದು ಮೂಲೆಗೆ ಜಾಮು ಮೆತ್ತಿಕೊಂಡಿತ್ತು.
ಮೂರನೇ ತರಗತಿ, ಚಿತ್ರದ ಪಾಠ. ಮನೆಯಿಂದ ಕಳಿಸಿ:
ಯಾರದಾದರೂ ಹಳೆಯ ಅಂಗಿ,
ಮೊಟ್ಟೆಯ ಖಾಲಿ ತಟ್ಟೆ, ಆಕ್ರೋಟಿನ ಒಣ ಸಿಪ್ಪೆ,
ಓದಿ ಬಿಸಾಕಿದ ಪೇಪರು.
ಕೊನೆಯ ಸಾಲು ಮಾತ್ರ ನೀಲಿ ಶಾಯಿಯ ಕೈಬರಹ:
ತೋಟ ಇರುವವರು ದ್ರಾಕ್ಷಿ ಕಡ್ಡಿ ಸುಟ್ಟು
ಬರೆಯುವ ಇದ್ದಿಲು ಮಾಡಿಕೊಡಬಹುದೇ?
ಪೆನ್ಸಿಲಿನ ದುಡ್ಡು ಈ ವರ್ಷವೂ ಬಂದಿಲ್ಲ.

ನಾನು ನಕ್ಕೆ. ಸೊಸೆ ಖತೂನಾ ನಗಲಿಲ್ಲ.
ನಮ್ಮ ಕಾಲದಲ್ಲಿ ಚಿತ್ರ ಬರೆದರೆ
ಲೆಕ್ಕದ ಪುಸ್ತಕ ಎಲ್ಲಿ ಅನ್ನುತ್ತಿದ್ದರು, ಎಂದೆ.
"ಅದಕ್ಕೇ ನಿಮಗೆ ಲೆಕ್ಕವೂ ಬರಲಿಲ್ಲ, ಚಿತ್ರವೂ ಬರಲಿಲ್ಲ,"
ಬೀನ್ಸು ಬಿಡಿಸುತ್ತ ಅಂದಳು, ತಲೆ ಎತ್ತದೆ.

ಫೆಬ್ರವರಿ. ಅಲಜಾನಿ ಕಣಿವೆಯ ತುಂಬ
ಕತ್ತರಿಯ ಸದ್ದು, ಎಲ್ಲರೂ ಬಳ್ಳಿ ಸವರುವ ವಾರ.
ಸವರಿದ್ದನ್ನು ನಾವು ಎಸೆಯುವವರಲ್ಲ,
ಕಟ್ಟು ಕಟ್ಟಿ ಒಣಗಿಸಿಡುತ್ತೇವೆ
ಮಾಂಸ ಸುಡುವ ದಿನಕ್ಕೆ, ರೊಟ್ಟಿಯ ಒಲೆಗೆ.
ಐವತ್ತು ವರ್ಷ ಸುಟ್ಟಿದ್ದೇನೆ.
ಆ ಬೂದಿಯೊಳಗೆ ಒಂದು ಗೆರೆ ಇತ್ತೆಂದು
ಯಾರೂ ಹೇಳಿರಲಿಲ್ಲ.

ಮೊದಲ ಸಲ ಅವಸರ ಮಾಡಿದೆ.
ಹೋದ ವರ್ಷದ ಕಟ್ಟಿನಿಂದ ಬೆರಳುದ್ದದ ಕಡ್ಡಿ ಮುರಿದು
ಕಾಫಿ ಡಬ್ಬಿಗೆ ತುರುಕಿ, ಮುಚ್ಚಳಕ್ಕೆ ಮೊಳೆಯ ತೂತು ಹೊಡೆದು,
ಕೆಂಡದಲ್ಲಿ ಹೂತು, ಹೊಗೆ ನಿಲ್ಲುವ ಮುಂಚೆಯೇ ತೆರೆದೆ.
ಭಗ್ಗೆಂದು ಹೊತ್ತಿ ಬೂದಿ. ಅರ್ಧ ಹುಬ್ಬೂ ಹೋಯಿತು.
ಎರಡನೆಯ ಸಲ ಪಕ್ಕದ ಶಾಲ್ವಾ ಸಲಹೆ ಕೊಡಲು ಬಂದು ಕೂತ;
ಅವನ ಸಲಹೆಯಿಂದ ಅದೂ ಕೆಟ್ಟಿತು.
ಮೂರನೆಯದಕ್ಕೆ ಮುಚ್ಚಳದ ಸಂದಿಗೆ ಜೇಡಿ ಮೆತ್ತಿದೆ.
ತೂತಿನಿಂದ ಹಳದಿ ಹೊಗೆ, ಆಮೇಲೆ ಬಿಳಿ, ಆಮೇಲೆ ಏನೂ ಇಲ್ಲ.
ಬೆಳಗಿನವರೆಗೆ ಮುಟ್ಟಲಿಲ್ಲ.
ತೆರೆದರೆ ಕಡ್ಡಿ ಕಡ್ಡಿಯಾಗಿಯೇ ಇತ್ತು, ಗಿಣ್ಣು ಗಿಣ್ಣಾಗಿಯೇ,
ಕಪ್ಪಗೆ, ಹಗುರ,
ಒಂದಕ್ಕೊಂದು ತಾಗಿದರೆ ಹಬ್ಬದ ಸಣ್ಣ ಗ್ಲಾಸುಗಳ ಹಾಗೆ
ಕಿಣಿ ಕಿಣಿ.

ಶನಿವಾರ ಮನೆಯವರೂ ಬನ್ನಿ ಎಂದಿದ್ದರು.
ದೊಡ್ಡವರ ಅಂಗಿ ತೊಟ್ಟ ಹತ್ತೊಂಬತ್ತು ಮಕ್ಕಳು,
ತೋಳು ನಾಲ್ಕು ಸಲ ಮಡಚಿ;
ಒಬ್ಬನದು ಪೊಲೀಸ್ ಅಂಗಿ, ಒಬ್ಬನದು ಅಜ್ಜಿಯ ರಾತ್ರಿಯ ಗೌನು,
ಅವನಿಗೆ ಅದರ ಚಿಂತೆಯೇ ಇಲ್ಲ.
ಬೇಕರಿಯ ಮಲ್ಖಾಜ್ ಹಿಟ್ಟಿನ ಚೀಲ ಕತ್ತರಿಸಿ
ಕಾಗದ ಮಾಡಿ ತಂದಿದ್ದ.
ಏನೂ ತರಲಾಗದ ಒಬ್ಬ ತಾಯಿ
ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತು
ಒಂದೊಂದೇ ಕುಂಚ ತೊಳೆಯುತ್ತಿದ್ದಳು, ಎಳೆಮಗುವಿನ ತಲೆ ತೊಳೆದಂತೆ.

ಇಜೋಲ್ದಾ ಟೀಚರ್ ಚೋಟುದ್ದದ ಹೆಂಗಸು,
ನನ್ನ ಮಗನಿಗೂ ಅವರೇ ಕಲಿಸಿದ್ದು.
ನಮ್ಮನ್ನೆಲ್ಲ ಗೋಡೆಗೆ ಸಾಲಾಗಿ ನಿಲ್ಲಿಸಿದರು:
"ಇದೇನು ಎಂದು ಕೇಳಬೇಡಿ. ತಿದ್ದಬೇಡಿ.
ಇದರ ಬಗ್ಗೆ ಹೇಳು ಅನ್ನಿ. ಆಮೇಲೆ ಬಾಯಿ ಮುಚ್ಚಿ."
ಅರವತ್ತೊಂಬತ್ತಕ್ಕೆ ಮತ್ತೆ ಮೂರನೇ ತರಗತಿ.

ತೆಕ್ಲೆ ಬರೆದದ್ದು ನನ್ನ ಕೈಗಳನ್ನು.
ಚೀಲದ ಮಡಿಕೆಯ ಗೆರೆ ನಡುವೆ,
ಅದರ ಆಚೆ ಒಂದು, ಈಚೆ ಒಂದು, ಸಲಿಕೆಯಷ್ಟು ದೊಡ್ಡವು.
ಎಣಿಸಿದೆ. ಬಲಕ್ಕೆ ಐದು. ಎಡಕ್ಕೂ ಐದು.

ಎಡಗೈಯ ಕಿರುಬೆರಳು ಎಪ್ಪತ್ತೊಂಬತ್ತರಲ್ಲಿ
ಪೀಪಾಯಿ ಕಾರ್ಖಾನೆಯ ಗರಗಸಕ್ಕೆ ಹೋಯಿತು.
ಆ ನಾಲ್ಕು ಬೆರಳಿನ ಕೈ ಹಿಡಿದೇ ಅವಳು ನಡೆಯಲು ಕಲಿತದ್ದು.
ಮಾತು ತುಟಿಯವರೆಗೆ ಬಂತು.
ಟೀಚರ್ ನೋಡುತ್ತಿದ್ದರು.
"ಇದರ ಬಗ್ಗೆ ಹೇಳು," ಎಂದೆ, ಗಂಟಲು ಸರಿಮಾಡಿಕೊಂಡು.

"ಇದು ಕತ್ತರಿ ಹಿಡಿಯೋ ಕೈ. ಇದು ಬಳ್ಳಿ ಹಿಡಿಯೋ ಕೈ."
ನಾನು ಕೇಳಲಿಲ್ಲ; ಕಣ್ಣು ಅಲ್ಲೇ ನಿಂತಿತ್ತೇನೋ.
"ಅದಾ? ಅದು ನಿಂದಲ್ಲ ತಾತ. ಅದು ನನ್ನ ಬೆರಳು.
ರಸ್ತೆ ದಾಟುವಾಗ ಅಲ್ಲಿ ಇಡ್ತೀನಲ್ಲ."

ಬಾಯಿ ಮುಚ್ಚಿ ಎಂದಿದ್ದರು, ಮುಚ್ಚಿದೆ.

ಮನೆಗೆ ಬಂದವನೇ ಹಿತ್ತಲಿನ ಕಟ್ಟುಗಳನ್ನೆಲ್ಲ ಬಿಚ್ಚಿದೆ,
ತೆಳ್ಳನೆಯವು ಒಂದು ಕಡೆ, ಹೆಬ್ಬೆರಳ ಗಾತ್ರದವು ಒಂದು ಕಡೆ.
"ಮಾಂಸ ಸುಡೋಕೆ ಏನು ಮಾಡ್ತೀರಿ?" ಖತೂನಾ ಬಾಗಿಲಿಂದ.
"ಈ ವರ್ಷ," ಎಂದೆ, "ಬೇಯಿಸಿ ತಿನ್ನೋಣ."