ಖಾಲಿ ಚಿಪ್ಪಿನ ಲೆಕ್ಕ

ಇಸ್ತಾಂಬುಲಿನ ಹಡಗುಕಟ್ಟೆಯ ಬಳಿ ಶೇಹ್ಮುಸ್ ಮಾವ
ಯಾವತ್ತೂ ಬಾಯಿಬಿಟ್ಟು ಎಣಿಸಿದವನಲ್ಲ.
ಪಚ್ಚಿಲೆಯ ಚಿಪ್ಪು ಬಿಡಿಸಿ, ನಿಂಬೆ ಹಿಂಡಿ, ಕೈಗಿಟ್ಟು
ಮುಂದಿನದಕ್ಕೆ ಆಗಲೇ ಬೆರಳು ಹಾಕಿರುತ್ತಾನೆ.
ಗಿರಾಕಿ ‘ಸಾಕು’ ಅನ್ನಬೇಕು, ಆಗಲೇ ನಿಲ್ಲುವುದು.
ಸಾಕು ಅನ್ನುವುದು ಸುಲಭವೂ ಅಲ್ಲ:
ಒಳಗೆ ಮೆಣಸಿನ ಅನ್ನ, ಚೂರು ದಾಲ್ಚಿನ್ನಿ,
ಅನ್ನದ ಮೇಲೆ ಕಡಲಿನದೊಂದು ಕೇಸರಿ ತುಣುಕು.

ಕೊನೆಗೆ ತಟ್ಟೆಯಲ್ಲಿ ಬಿದ್ದ ಕರಿ ಚಿಪ್ಪುಗಳೇ ರಸೀದಿ.
ಎಣಿಸುವವನು ನಾನು.
ಹತ್ತೊಂಬತ್ತು, ಅಣ್ಣಾ.
ನಮ್ಮ ಮಾರ್ದಿನಿನಲ್ಲಿ ಕಡಲಿಲ್ಲ. ಬಯಲು ಸಂಜೆ ನೀಲಿಗಟ್ಟಿದರೆ
ಅದನ್ನೇ ಕಡಲು ಎನ್ನುತ್ತಿದ್ದಳು ಅಜ್ಜಿ.

ನಿಲ್ಗುನ್ ಬಂದದ್ದು ಚಳಿಗಾಲದಲ್ಲಿ.
ದೊಡ್ಡ ಹೋಟೆಲಿನ ಅಡುಗೆಯವಳು, ಜೇಬಲ್ಲಿ ಚಿಮುಟ, ಥರ್ಮಾಮೀಟರು.
ಉಪ್ಪು ಯಾವಾಗ? ಹಬೆ ಎಷ್ಟು ಡಿಗ್ರಿ?
ಗೊತ್ತಿದ್ದುದಕ್ಕೆ ಮಾವ ಉತ್ತರ ಕೊಟ್ಟ.
ಗೊತ್ತಿಲ್ಲದ್ದಕ್ಕೆ ಇನ್ನೊಂದು ಪಚ್ಚಿಲೆ ಕೊಟ್ಟ.

ಒಂದು ಸೋಮವಾರ, ಹೋಟೆಲಿಗೆ ರಜೆ, ನಮ್ಮನ್ನು ಕರೆದಳು.
ದ್ರವ ಸಾರಜನಕದ ಹೊಗೆ ನೆಲಕ್ಕಿಳಿದು
ಮಾವನ ಹಳೇ ಬೂಟುಗಳನ್ನು ಮೂಸಿ ಹೋಯಿತು.
‘ಚಿಪ್ಪನ್ನೂ ತಿನ್ನಿ’ ಎಂದಳು.

ಅಕ್ಕಿಹಿಟ್ಟು, ಕಪ್ಪೆಬೊಂಡಾಸಿನ ಮಸಿ, ಎರಡು ದಿನ ಒಣಗಿಸಿದ್ದು.
ಒಳಗೆ ಪೊರೆಗಟ್ಟಿದ ನಿಂಬೆರಸ, ಮೀನಿನ ಮೊಟ್ಟೆಯಷ್ಟು ಹನಿಗಳು.
ಇಪ್ಪತ್ತಾರು ವರ್ಷ ಚಿಪ್ಪನ್ನು ಎಸೆದವನ ಹಲ್ಲು
ಒಂದು ಗಳಿಗೆ ಅನುಮಾನಿಸಿತು. ಆಮೇಲೆ, ಕರುಮ್.
ನಿಂಬೆ ಸಿಡಿಯಿತು. ಮಾವ ಕಣ್ಣು ಮುಚ್ಚಿದ.
ಮತ್ತೊಂದು. ಮತ್ತೊಂದು.
ಆಮೇಲೆ ತಟ್ಟೆ ನೋಡಿದ.

ಬಿಳೀ ತಟ್ಟೆ. ಏನೂ ಇಲ್ಲ.
‘ಎಷ್ಟಾಯ್ತೋ, ಹುಡುಗಾ?’
ನನ್ನ ಬಳಿ ಲೆಕ್ಕವಿರಲಿಲ್ಲ.
‘ದುಡ್ಡು ಬೇಡ’ ಎಂದು ನಕ್ಕಳು ನಿಲ್ಗುನ್.
ಮಾವ ನಗಲಿಲ್ಲ.
‘ದುಡ್ಡಿನ ಮಾತಲ್ಲ, ಮಗಳೇ. ಬಲು ಚೆನ್ನಾಗಿದೆ.
ಆದರೆ ತಿಂದದ್ದು ಎದುರಿಗೆ ಕೂತಿರದಿದ್ದರೆ
ಸಾಕು ಅನ್ನೋದು ಯಾರನ್ನ ನೋಡಿ?’
ಅವಳು ಅದನ್ನೂ ಪುಸ್ತಕದಲ್ಲಿ ಬರೆದುಕೊಂಡಳು,
ಹಬೆಯ ಡಿಗ್ರಿಯ ಕೆಳಗೆ.

ರಾತ್ರಿ ದೋಣಿಯಲ್ಲಿ ಮಾವ ಕೋಟಿನ ಜೇಬು ತಡವಿದ.
ಅತ್ತೆಗೆಂದು ಕದ್ದು ತಂದಿದ್ದ ಒಂದು ಚಿಪ್ಪು
ಕಡಲ ತೇವಕ್ಕೆ ಕರಗಿ, ಅಂಗೈಯೆಲ್ಲ ಮಸಿ.
ಅತ್ತೆ ಮೂರು ಸಲ ಸೋಪು ಹಾಕಿ ಉಜ್ಜಿದಳು, ಬೈದಳು.
ಜೇಬಿನ ಕಲೆ ಹೋಗಲಿಲ್ಲ.

‘ಒಂದು’ ಎಂದೆ ನಾನು.