ಎಳಿ

ಬೀದರದಾಗ ಚೌಬಾರಾದ ಹಿಂದಿನ ಓಣ್ಯಾಗ
ಪಿಕೋ-ಫಾಲ್ ಹಚ್ಚೋ ಅಂಗಡಿ ನಂದು.
ಒಂದು ಸೀರಿಗಿ ಎಂಬತ್ತು ರೂಪಾಯಿ.
ನನಗ ಬರೋ ಲೆಕ್ಕ ಇಷ್ಟೇ ನೋಡ್ರಿ:
ಸಿಲಿಂಡರ್ ಅಂದ್ರ ಹನ್ನೆರಡು ಸೀರಿ,
ಕರೆಂಟ್ ಬಿಲ್ ಅಂದ್ರ ಐದು.
ಸುಬೇದಾರಂದು ದಿನಾ ಅರ್ಧ ಪಾಕೀಟ್ ಹಾಲು,
ಅದನ್ನ ನಾ ಲೆಕ್ಕಕ್ಕ ಹಿಡಿದಿಲ್ಲ.

ಸುಬೇದಾರ ನನ್ನ ಬೆಕ್ಕು.
ಒಂದು ಕಿವಿ ಹರಕು, ಮೀಸಿ ಮಾತ್ರ ಪೂರಾ.
ಬ್ಲೌಸ್ ಪೀಸಿನ ಗಂಟಿನ ಮ್ಯಾಲ ಕುಂತು
ಗಿರಾಕಿಗಳ ಹಾಜರಿ ತಗೋತಾನ.

ಎರಡು ದಿನ ಉಂಡಿದ್ದಿಲ್ಲ.
ಉಪವಾಸ ಹಿಡ್ದಾನ ಅಂತ ನಕ್ಕಿದ್ದೆ.
ಸೋಮವಾರ ಬಾಯಿಂದ ದಾರ ಇಳಿಬಿದ್ದಿತ್ತು,
ಗಿಣಿಹಸರು, ನಂದೇ ರೀಲಿಂದು,
ಹಳ್ಳಿಖೇಡದ ಮದುವಿ ಸೀರಿಗಿ ತಂದದ್ದು.

ಬಳಿ ಅಂಗಡಿ ನುಸ್ರತ್ ಆಪಾ ಅಂದಳು: ಎಳಿ, ಬರ್ತದ.
ಮೆಡಿಕಲ್ ಹುಡುಗ ಅಂದ:
ಜ್ವರದ ಗುಳಿಗಿ ಅರ್ಧ ತೇದು ಕುಡಸು.
ಎರಡೂ ಸಲಹಾ ಪುಕ್ಕಟ.
ಆ ಗುಳಿಗಿ ಬೆಕ್ಕಿಗಿ ವಿಷ ಅಂತ
ನನಗ ಆಮ್ಯಾಲ ತಿಳೀತು.
ದಾರ ಮಾತ್ರ ಆಗಲೇ ನನ್ನ ಬಳ್ಳಾಗಿತ್ತು.
ಮೂವತ್ತು ವರ್ಷದಿಂದ ಈ ಬಳ್ಳಿಗಿ ಒಂದೇ ಕೆಲಸ,
ದಾರ ಕಂಡ್ರ ಎಳಿಯೋದು, ಹಲ್ಲಿಲೆ ಕಡಿಯೋದು.

ಬಿಟ್ಟೆ. ಯಾಕೋ ಬಿಟ್ಟೆ.

ಕಾಜಿನ ಬಾಗಲದ ದವಾಖಾನಿಗಿ ಹೋದೆ.
ಒಳಗ ತಂಪು, ಅತ್ತರಿನ ವಾಸನಿ.
ಕೌಂಟರಿನ ಹುಡುಗಿ ಕೇಳಿದಳು, ಯಾವ ತಳಿ?
ಓಣಿ ತಳಿ ಅಂದೆ.
ಕಂಪ್ಯೂಟರ್‌ನ್ಯಾಗ ಅದು ಇದ್ದಿದ್ದಿಲ್ಲ.
ಗೋಲ್ಡ್ ಪ್ಯಾಕೇಜ್ ಅದ, ಸಿಲ್ವರ್ ಅದ,
ಜಳಕಾ, ಉಗುರು ಕತ್ತರಿಸೋದು ಸೇರಿ.
ಬುಟ್ಟಿ ಮ್ಯಾಲಿನ ಅರಿವಿ
ಯಾರೂ ಸರಿಸಿ ನೋಡಲಿಲ್ಲ.

ವೈಜಿನಾಥ ಡಾಕ್ಟರ್‌ದು ಗೊಬ್ಬರದ ಅಂಗಡಿ ಮ್ಯಾಲಿನ ಖೋಲಿ.
ಒಂದು ಟೇಬಲ್, ಒಂದು ಟ್ಯೂಬ್‌ಲೈಟ್, ಅದೂ ಮಿಣಮಿಣ.
ನನ್ನ ಹೆಸರು ಕೇಳೋಕಿಂತ ಮೊದಲು
ಅಂವ ಸುಬೇದಾರನ ನಾಲಿಗಿ ಎತ್ತಿ ನೋಡಿದ.
ದಾರ ನಾಲಿಗಿ ಬುಡಕ್ಕ ಸುತ್ಕೊಂಡಿತ್ತು,
ಇನ್ನೊಂದು ತುದಿ ಕರಳಿನ್ಯಾಗ.
ಯಾರೂ ಎಳಿಬ್ಯಾಡ್ರಿ, ಅಂದ,
ಎಳದ್ರ ಕರಳು ಕೊಯ್ತದ.

ಎಷ್ಟಾಗ್ತದ್ರಿ, ಕೇಳಿದೆ.
ಕೇಳಿ ನಾಚ್ಕೊಂಡೆ,
ಜೀವಕ್ಕ ಚೌಕಾಸಿ ಮಾಡ್ದಂಗ.
ಅಂವ ತಲಿ ಎತ್ತಲೇ ಇಲ್ಲ,
ಮೊದಲ ಕೇಳೋ ಮಾತೇ ಅದು ಬಾಯಿ, ಅಂದು
ಚೀಟಿ ಮ್ಯಾಲ ಎರಡು ಅಂಕಿ ಬರದ.
ಇಲ್ಲಿ ಹದಿನಾಲ್ಕು ಸಾವಿರ: ನೂರಾ ಎಪ್ಪತ್ತೈದು ಸೀರಿ.
ನಂದಿನಗರದ ಕಾಲೇಜ್ ದವಾಖಾನ್ಯಾಗ ಅದರ ಕಾಲು ಭಾಗ.
ನನಗಿಂತ ಛಲೋ ಮಷೀನ್ ಅವ ಅಲ್ಲಿ.
ಸಂಜಿತನ ಕಾಯಬ್ಯಾಡ್ರಿ, ಈಗ ಹೋಗ್ರಿ.

ನೂರು ರೂಪಾಯಿ ತಗೊಂಡ.
ಅದೂ ಮನಸ್ಸಿಗಿ ಬಂತು.
ಬ್ಯಾಡ ಅಂದಿದ್ರ ಹೆದರತಿದ್ದೆ.

ಘಾಳೆಪ್ಪನ ಆಟೋದಾಗ ಕಾಯಿಪಲ್ಯದ ಬುಟ್ಟಿ,
ಬುಟ್ಟ್ಯಾಗ ಸುಬೇದಾರ, ಸಪ್ಪಳಿಲ್ಲ.
ಅಲ್ಲಿ ಸರತಿ: ಎರಡು ಎಮ್ಮಿ, ಗೆಜ್ಜಿ ಕಟ್ಟಿದ ಟಗರು,
ಮೂತಿ ಕಟ್ಟಿದ ನಾಯಿ, ಆಮ್ಯಾಲ ನಾವು.
ಚೀಟಿ ಓದಿದವರು ನಮ್ಮನ್ನ ಮುಂದ ಕರದರು.

ಹಾಸನದ ಕಡಿ ಹುಡುಗಿ, ಇನ್ನೂ ಕಲಿಯಾಕಿ,
ದೊಡ್ಡ ಡಾಕ್ಟರ್ ಪಕ್ಕಕ್ಕ ನಿಂತು ಹೊಲಿದಳಂತ.
ಮುಗಿದ ಮ್ಯಾಲ ನಾ ಟಾಕಾ ನೋಡಿದೆ.
ಸಮ ಇದ್ದವು.
ಕೊನಿದೊಂದು ತುಸು ಬಿಗಿ.
ಏನೂ ಅನ್ನಲಿಲ್ಲ,
ಮೊದಲ ಫಾಲ್ ನಂದೂ ಸುಕ್ಕು ಬಿದ್ದಿತ್ತು.

ಮೂರು ಸಾವಿರದ ಮುನ್ನೂರಾ ಅರವತ್ತು.
ನಲವತ್ತೆರಡು ಸೀರಿ. ಮೂರು ವಾರ ರಾತ್ರಿ ಹೊಲಿಗಿ.
ಬೆಳ್ಳಾಗಿನ ಉಂಗುರ ಬೆಳ್ಳಾಗೇ ಉಳೀತು.

ಈಗ ರೀಲುಗಳಿಗಿ ಮುಚ್ಚಳದ ಡಬ್ಬಿ ಅದ,
ಸಂತ್ಯಾಗ ನಲವತ್ತು ರೂಪಾಯಿ, ಅರ್ಧ ಸೀರಿ.
ಇನ್ನೊಂದು ಡಬ್ಬ್ಯಾಗ ಸೀರಿಗಿ ಐದರಂಗ ಹಾಕ್ತೀನಿ,
ವರ್ಷದ ಸೂಜಿಗಿ, ಮತ್ತ ಹೇಳಿ ಬರಲಾರದ್ದಕ್ಕ.
ಕೆಲ ವಾರ ಹಾಕಿಲ್ಲ. ಸುಳ್ಳು ಯಾಕ ಹೇಳ್ಲಿ.

ಹಳ್ಳಿಖೇಡದ ಸೀರಿಗಿ ಎರಡು ಮೊಳ ದಾರ ಕಡಿಮಿ ಬಿತ್ತು.
ಕೊನಿಗಿ ಬ್ಯಾರೆ ಹಸರು ಹಚ್ಚಿ ಕೊಟ್ಟೀನಿ.
ಮದುವಿ ಆಗಿ ಹೋಯ್ತು, ಯಾರೂ ಕೇಳಲಿಲ್ಲ.
ಗಂಟಿನ ಮ್ಯಾಲ ಕುಂತಾಂವ ಒಬ್ಬನಿಗಿ ಗೊತ್ತು,
ಅಂವ ಮೀಸಿ ತೊಳ್ಕೋಳೋದ್ರಾಗ ಇದ್ದಾನ.